ಬಲಗಡೆಯ ಪದಕ

ಮೊನ್ನೆ ನೈರೋಬಿಯ ನಮ್ಮ ಹರ್ಲಿಂಗ್‌ಹ್ಯಾಮ್ ಬಡಾವಣೆಯ ತರಕಾರಿ ಅಂಗಡಿಯಲ್ಲಿ ಕೊತ್ತಂಬರಿಗೆ ಕೈ ಹಾಕಿದರೆ ಪಕ್ಕದ ರೋಸ್‌ಮೇರಿ ಕಟ್ಟು ಕೈಗೆ ಬಂತು. ಮನೆಗೆ ಬಂದು ಸೋಪು ಹಾಕಿ ತಿಕ್ಕಿದರೂ ಆ ಘಾಟು ಬೆರಳು ಬಿಡಲಿಲ್ಲ. ಆ ವಾಸನೆ ಬಂದರೆ ಸಾಕು, ನನಗೆ ನಾಚಿಕೆಯಾಗುತ್ತದೆ...

ನಮ್ಮ ಕೆಳಗಿನ ಮನೆಯಲ್ಲಿ ಆಸ್ಟ್ರೇಲಿಯಾದ ಒಬ್ಬ ಹೆಂಗಸಿದ್ದರು. ಇಡೀ ಫ್ಲ್ಯಾಟಿಗೇ ಅವರು ‘ಸಿಸ್ಟರ್’. ಹರೆಯದಲ್ಲಿ ಸೈನ್ಯದ ನರ್ಸಾಗಿ ವಿಯೆಟ್ನಾಂ ಯುದ್ಧಕ್ಕೆ ಹೋಗಿದ್ದವರು. ಆಮೇಲೆ ಇಲ್ಲಿನ ಮಿಷನ್ ಆಸ್ಪತ್ರೆಗೆ ಬಂದು ನೈರೋಬಿಯಲ್ಲೇ ಉಳಿದುಬಿಟ್ಟಿದ್ದರು. ಆಸ್ಪತ್ರೆಯ ಹತ್ತಿರ ರಾಕೆಟ್ ಬೀಳುತ್ತಿದ್ದಾಗ ಏಳಲಾಗದ ಹುಡುಗರನ್ನು ಮಂಚದ ಕೆಳಗೆ ಮಲಗಿಸಿ, ತಾವು ಮರೆಯಿಲ್ಲದೆ ಪಕ್ಕದಲ್ಲೇ ಕೂತು ಡ್ರಿಪ್ ಬಾಟಲಿ ಎತ್ತಿ ಹಿಡಿದಿದ್ದರಂತೆ. ಅದನ್ನು ಹೇಳಿದ್ದೂ ಒಂದೇ ಸಲ, ನಮ್ಮ ಅಡುಗೆಮನೆಯಲ್ಲಿ ಬಟಾಣಿ ಬಿಡಿಸುತ್ತಾ.

ಏಪ್ರಿಲ್‌ನಲ್ಲಿ ಅವರ ದೇಶದವರು ತಮ್ಮ ಯೋಧರನ್ನು ನೆನೆಯುತ್ತಾರೆ. ಬೆಳಕು ಹರಿಯುವ ಮೊದಲೇ ಇಲ್ಲಿನ ಯುದ್ಧ ಸಮಾಧಿಗಳ ಹತ್ತಿರ ಸೇರುತ್ತಾರೆ. ಯುದ್ಧದಲ್ಲಿ ದುಡಿದವರು ಮುಂದಿನ ಸಾಲಲ್ಲಿ, ಉಳಿದವರು ಹಿಂದೆ. ಇಲ್ಲಿಗೆ ಬಂದಮೇಲೆ ಸಿಸ್ಟರ್ ಎಂದೂ ಹೋದವರಲ್ಲ. ಆ ವರ್ಷ ಮಾತ್ರ, ‘ಒಂದು ಸಲವಾದರೂ ಆ ಸಾಲಲ್ಲಿ ನಿಲ್ಲಬೇಕು’ ಅಂದರು. ಕರೆದುಕೊಂಡು ಹೋಗುವುದು ನನ್ನ ಜವಾಬ್ದಾರಿಯಾಯಿತು.

ಮೈಸೂರಿನಿಂದ ನಮ್ಮತ್ತೆ ಬಂದಿದ್ದರು. ಸಿಸ್ಟರ್‌ಗೆ ಕೀಲುನೋವು, ಬೆರಳು ಮಡಚಲು ಬರುತ್ತಿರಲಿಲ್ಲ. ಆ ದಿನ ನಸುಕಿನಲ್ಲೇ ಪದಕಗಳನ್ನೂ, ನೆನಪಿನ ಗುರುತಾಗಿ ಎದೆಗೆ ಸಿಕ್ಕಿಸುವ ರೋಸ್‌ಮೇರಿ ಎಸಳನ್ನೂ ಹಿಡಿದು ಮೇಲೆ ಬಂದು, ಎಡ ಎದೆ ಮುಟ್ಟಿ ತೋರಿಸಿದರು. ನಮ್ಮತ್ತೆ ಬಿಟ್ಟಾರೆಯೇ!

"ಅಯ್ಯೋ, ಒಳ್ಳೇ ಕೆಲಸಕ್ಕೆ ಹೊರಟೋರು ಎಡಗಡೆ ಹಾಕ್ಕೋತಾರೇನ್ರೀ? ಬಲಗಡೆ ಹಾಕ್ತೀನಿ, ಸುಮ್ನಿರಿ."

ಹಾಕಿ, ನೆಟಿಕೆ ಮುರಿದು ದೃಷ್ಟಿಯನ್ನೂ ತೆಗೆದರು. ಸಿಸ್ಟರ್ ಏನೋ ಹೇಳಲು ಬಾಯಿ ತೆರೆದು, ಅತ್ತೆಯ ಮುಖ ನೋಡಿ ನಕ್ಕು ಸುಮ್ಮನಾದರು. ಬಾಗಿಲಲ್ಲಿ ನಾನೊಂದು ಫೋಟೋ ಹೊಡೆದೆ. ನನಗಾದರೂ ಏನು ಗೊತ್ತಿತ್ತು?

ಅತ್ತೆಯೂ ನಮ್ಮ ಜೊತೆ ಬಂದರು. ಸಮಾಧಿಗಳ ಹತ್ತಿರ ಒಬ್ಬ ಯುವ ಅಧಿಕಾರಿ ಬಂದು, ಬಹಳ ಮರ್ಯಾದೆಯಿಂದ ಅವರ ಕೈಹಿಡಿದು ಹಿಂದಿನ ಸಾಲಿಗೆ ಕರೆದುಕೊಂಡು ಹೋದ. ಸಿಸ್ಟರ್ ಅವನ ಜೊತೆ ಹೋಗಿ ನಿಂತರು. ಕಹಳೆ ಊದಿದರು, ಹೂವಿಟ್ಟರು, ಎಲ್ಲ ಮುಗಿಯಿತು. ಚಹಾ ಕುಡಿಯುವಾಗ ಯಾರೋ ನನ್ನನ್ನು ಕೇಳಿದರು, ‘ಆಕೆಯ ಗಂಡ ಯಾವ ಪಡೆಯಲ್ಲಿದ್ದರು?’ ಯಾಕೆ ಹಾಗೆ ಕೇಳಿದಿರಿ ಅಂದಾಗ ತಿಳಿಯಿತು. ಸ್ವಂತ ಪದಕ ಎಡಗಡೆ, ಮನೆಯವರು ಗಳಿಸಿದ್ದು ಬಲಗಡೆ. ಅದು ಅವರ ಪದ್ಧತಿ. ನಾವು ಅವರ ಶೌರ್ಯವನ್ನು ಇಲ್ಲದ ಗಂಡನೊಬ್ಬನಿಗೆ ಬರೆದುಕೊಟ್ಟಿದ್ದೆವು. ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಕಾರಿನಲ್ಲಿ ವಿಷಯ ಕೇಳಿ ಅತ್ತೆ ಗಳಗಳ ಅತ್ತರು. ಸಿಸ್ಟರ್‌ಗೆ ಎರಡೂ ಕೈ ಮುಗಿದರು. ಸಿಸ್ಟರ್ ಆ ಕೈಗಳನ್ನು ತಮ್ಮ ಮಡಿಲಿಗೆ ಎಳೆದುಕೊಂಡು ನನಗೆ ಹೇಳಿದರು: "ಅಳಬೇಡಿ ಅನ್ನು. ಎಡಗಡೆ ಹಾಕಿಕೊಂಡಾಗಲೂ ನಮ್ಮೂರಲ್ಲಿ ಹಾಗೇ ಕೇಳಿದ್ದರು, ಗಂಡನದಾ ಅಂತ. ಅದಕ್ಕೇ ಹೋಗೋದು ಬಿಟ್ಟಿದ್ದೆ."

ಸಮಾಧಾನಕ್ಕೆ ಹೇಳಿದ ಮಾತು ನಮ್ಮನ್ನು ಇನ್ನಷ್ಟು ಕುಗ್ಗಿಸಿತು. ಬರುವ ವರ್ಷ ಸರಿಯಾಗಿ ಹಾಕೋಣ ಅಂದೆ. ಆ ವರ್ಷ ಬರುವುದರೊಳಗೆ ಅವರೇ ತೀರಿಹೋದರು...

ನಿನ್ನೆ ಆಸ್ಟ್ರೇಲಿಯಾದಿಂದ ಅವರ ತಮ್ಮನ ಮಗ ಮೆಸೇಜ್ ಮಾಡಿದ್ದ. ಮನೆಯಲ್ಲಿ ತೂಗುಹಾಕಲು ಸಿಸ್ಟರ್‌ದೊಂದು ಒಳ್ಳೆಯ ಫೋಟೋ ಬೇಕಂತೆ. ನನ್ನ ಹತ್ತಿರ ಇದ್ದದ್ದು ಅವತ್ತು ಬಾಗಿಲಲ್ಲಿ ಹೊಡೆದದ್ದೊಂದೇ. ಕಳಿಸಿ, ಪದಕ ಅವರದೇ, ತಪ್ಪು ಕಡೆ ಹಾಕಿದ್ದು ನಾವು, ಅಂತ ಬರೆದೆ. ಸ್ವಲ್ಪ ಹೊತ್ತಿಗೆ ಉತ್ತರ ಬಂತು: "ಹೌದಾ? ಅವು ತಾತನವು ಅಂದುಕೊಂಡಿದ್ದೆವು."