ಮೇಷ್ಟ್ರು ಮುಚ್ಚಿಟ್ಟ ಅಕ್ಕ

ತಂಗಿಗೆ ಕೇಂದ್ರ ಸರ್ಕಾರದ ರಕ್ಷಣಾ ಕಾರ್ಖಾನೆಯೊಂದರಲ್ಲಿ ಹುದ್ದೆ ಸಿಕ್ಕಿತ್ತು. ಪೊಲೀಸ್ ಪರಿಶೀಲನೆ ಮುಗಿದರೆ ಕೆಲಸಕ್ಕೆ ಸೇರುವುದಷ್ಟೇ ಬಾಕಿ. ಅದಕ್ಕಾಗಿ ಬಂದ ನಮೂನೆಯನ್ನು ಬಳ್ಳಾರಿಯ ಪಾರ್ವತಿನಗರದ ನಮ್ಮ ಬಾಡಿಗೆ ಮನೆಯ ನೆಲದ ಮೇಲೆ ಹರಡಿಕೊಂಡು ಕುಳಿತೆವು. ವಿದೇಶದಲ್ಲಿರುವ ಹತ್ತಿರದ ಸಂಬಂಧಿಕರು, ಅವರ ಪೌರತ್ವ ಎಂಬ ಅಂಕಣಕ್ಕೆ ಬಂದಾಗ ಅವಳ ಪೆನ್ನು ನಿಂತಿತು.

ನಮ್ಮ ಹಿರಿಯಕ್ಕ ಮಸ್ಕತ್ತಿನ ಆಸ್ಪತ್ರೆಯೊಂದರಲ್ಲಿ ನರ್ಸ್. ಅಲ್ಲಿಯೇ ಔಷಧ ವಿಭಾಗದಲ್ಲಿದ್ದವರನ್ನು ಮದುವೆಯಾಗಿದ್ದಾಳೆ. ಭಾವ ಪಾಕಿಸ್ತಾನದ ಪ್ರಜೆ.

"ಖಾಲಿ ಬಿಡೋಣಕ್ಕ," ಎಂದಳು ತಂಗಿ. "ಅಲ್ಲಿತನ ಹೋಗಿ ಯಾರು ನೋಡ್ತಾರ?"

ನಾನು ಒಪ್ಪಲಿಲ್ಲ. ಸಿರುಗುಪ್ಪ ತಾಲ್ಲೂಕಿನ ಹಳ್ಳಿಗಳಲ್ಲಿ ಕೂಲಿ ಹೆಂಗಸರ ಪರವಾಗಿ ಅರ್ಜಿ ಬರೆಯುವುದು ನನ್ನ ಕೆಲಸ. ಸರ್ಕಾರದಿಂದ ನಿಜ ಕೇಳಬೇಕಾದರೆ ನಾವೂ ನಿಜವನ್ನೇ ಹೇಳಬೇಕೆಂದು ಅವರಿಗೆ ಹೇಳುತ್ತ ಬಂದವಳು ನಾನು. ತಂಗಿ ಬರೆದಳು: ಅಕ್ಕನ ಹೆಸರು, ಭಾವನ ಹೆಸರು, ದೇಶ.

ಅಂದಿನಿಂದ ಅಕ್ಕನ ಫೋನು ಬಂದರೆ ಅವಳು ಎದ್ದು ಹೊರಗೆ ಹೋಗುತ್ತಿದ್ದಳು. ನಾನೂ ಎರಡು ಮಾತಿನಲ್ಲಿ ಮುಗಿಸುತ್ತಿದ್ದೆ. ಯಾರಾದರೂ ಕೇಳಿಸಿಕೊಳ್ಳುತ್ತಿದ್ದಾರೆಂಬುದಕ್ಕೆ ಯಾವ ಆಧಾರವೂ ಇರಲಿಲ್ಲ. ಆದರೂ ಹೆದರಿದೆವು. ಅಕ್ಕನ ಮದುವೆಗೆ ತಂಗಿಯನ್ನು ಹೊಣೆ ಮಾಡುವುದು ತಪ್ಪು. ರಕ್ತಸಂಬಂಧವನ್ನು ಅಪರಾಧದ ಮುನ್ಸೂಚನೆಯೆಂದು ಓದುವುದು ಅದಕ್ಕಿಂತ ದೊಡ್ಡ ತಪ್ಪು. ಒಡಹುಟ್ಟಿದವಳ ಧ್ವನಿಗೆ ನಾವೇ ಅಂಜುವಂತಾದದ್ದನ್ನು ಏನೆಂದು ಕರೆಯಬೇಕೋ ನನಗೆ ತಿಳಿಯದು.

ನಾವು ಹುಟ್ಟಿ ಬೆಳೆದದ್ದು ಕುರುಗೋಡಿನಲ್ಲಿ. ಅಲ್ಲಿ ಪಕ್ಕದ ಮನೆಯಲ್ಲಿದ್ದ ವೈಷ್ಣವ ಮೇಷ್ಟ್ರೇ ನಮ್ಮ ಮೂವರಿಗೂ ಅಕ್ಷರ ಕಲಿಸಿದವರು. ತಂಗಿಯನ್ನು ಬಲ್ಲವರೆಂದು ನಮೂನೆಯಲ್ಲಿ ಅವರ ಹೆಸರನ್ನೇ ಕೊಟ್ಟಿದ್ದೆವು. ಪೊಲೀಸರು ಅವರ ಮನೆಗೆ ಹೋಗಿ ವಿಚಾರಿಸಿದ ಮರುದಿನವೇ ಮೇಷ್ಟ್ರು ಬಸ್ಸು ಹತ್ತಿ ಬಳ್ಳಾರಿಗೆ ಬಂದರು. ಮುಖದ ತುಂಬ ಗೆಲುವು.

"ಏನೂ ಹೆದರಬ್ಯಾಡ್ರವ್ವ. ಆ ಮನ್ಯಾಗ ಇಬ್ರೇ ಹೆಣ್ಮಕ್ಳು, ಹೊರದೇಶದಾಗ ಯಾರೂ ಇಲ್ಲ ಅಂತ ಹೇಳೀನಿ. ಸಹೀನೂ ಹಾಕೀನಿ."

ತಂಗಿ ಗೋಡೆಗೆ ಒರಗಿದಳು. ನಾವು ಇದ್ದದ್ದನ್ನು ಇದ್ದಂತೆ ಬರೆದಿದ್ದೇವೆಂದು ನಾನು ಹೇಳಿದಾಗ ಮೇಷ್ಟ್ರು ಚಹಾದ ಲೋಟವನ್ನು ಕೆಳಗಿಟ್ಟರು. ಒಂದೇ ಕಡತದಲ್ಲಿ ಈಗ ಒಂದಕ್ಕೊಂದು ಹೊಂದದ ಎರಡು ಮಾತುಗಳು. ಓದುವ ಅಧಿಕಾರಿಗೆ ಅದು ವಾತ್ಸಲ್ಯದ ಸುಳ್ಳೆಂದು ಹೇಗೆ ತಿಳಿಯಬೇಕು? ನಾವೇ ಹೇಳಿಕೊಟ್ಟು ಮುಚ್ಚಿಸಲು ನೋಡಿದೆವೆಂದೇ ಅನಿಸೀತು. ನಮೂನೆಯಲ್ಲಿ ಏನು ಬರೆದಿದ್ದೇವೆಂದು ಅವರಿಗೆ ಮೊದಲೇ ತಿಳಿಸದಿದ್ದ ತಪ್ಪು ಮಾತ್ರ ನನ್ನದು. ಪ್ರಾಮಾಣಿಕರಿಗೆ ಏನು ಹೇಳಿಕೊಡುವುದೆಂದು ಸುಮ್ಮನಿದ್ದೆ.

ಠಾಣೆಗೆ ಹೋಗಿ ಹೇಳಿಕೆ ತಿದ್ದುತ್ತೇನೆಂದು ಮೇಷ್ಟ್ರು ಎದ್ದರು. ತಂಗಿ ಬಾಗಿಲಿಗೆ ಅಡ್ಡ ನಿಂತಳು.

"ಬ್ಯಾಡ್ರಿ ಸಾರ್. ಸುಳ್ಳು ಹೇಳಿದ್ರಿ ಅಂತ ನಿಮ್ಮನ್ನ ಹಿಡಿದ್ರ?"

"ಹಿಡೀಲಿ ಬಿಡವ್ವ. ನಮ್ಮನಿಯಾಕಿಗೆ ನಾಕ್ ದಿನ ಅಡಿಗಿ ಮಾಡೋದು ತಪ್ಪತೈತಿ."

ಯಾರೂ ನಗಲಿಲ್ಲ. ನೌಕರಿ ಹೋದರೆ ಹೋಗಲಿ ಎಂದು ತಂಗಿ ಮತ್ತೆ ಮತ್ತೆ ಹೇಳಿದಳು. ಅವರು ಕೇಳಲಿಲ್ಲ. ಮೂವರೂ ಅದೇ ಮಧ್ಯಾಹ್ನ ಕುರುಗೋಡಿಗೆ ಹೋದೆವು. ನಮ್ಮನ್ನು ಠಾಣೆಯ ಹೊರಗೇ ನಿಲ್ಲಿಸಿ ಅವರೊಬ್ಬರೇ ಒಳಗೆ ಹೋದರು. ತಂಗಿ ನನ್ನ ಮಣಿಕಟ್ಟನ್ನು ಹಿಡಿದವಳು ಬಿಡಲೇ ಇಲ್ಲ. ಬಹಳ ಹೊತ್ತಿನ ಮೇಲೆ ಹೊರಬಂದಾಗ ಮೇಷ್ಟ್ರ ಅಂಗಿಯ ಬೆನ್ನು ತೊಯ್ದಿತ್ತು.

"ಹೆದರಿ ಸುಳ್ಳು ಹೇಳಿದ್ದೆ ಅಂತ ಬರಕೊಟ್ಟೆ. ಯಾರಿಗೆ ಹೆದರಿದ್ರಿ ಅಂತ ಕೇಳಿದ್ರು."

"ಏನಂದ್ರಿ?" ಎಂದೆ.

"ಏನನ್ಲವ್ವ? ಅವರ ಮುಂದನ ಕುಂತಿದ್ದೆ."

ಎರಡೂ ಹೇಳಿಕೆಗಳು ಮೇಲಿನವರಿಗೆ ಹೋಗಿವೆ. ತಂಗಿ ಕೆಲಸಕ್ಕೆ ಸೇರಬೇಕಿದ್ದ ದಿನ ಕಳೆದಿದೆ. ಆದೇಶವೂ ಬಂದಿಲ್ಲ, ನಿರಾಕರಣೆಯೂ ಬಂದಿಲ್ಲ. ಕಾರಣ ತಿಳಿಸದೆ ಕಾಯಿಸುವುದು ಅನ್ಯಾಯವೆಂದು ನಾನೊಂದು ಅರ್ಜಿ ಬರೆದಿದ್ದೇನೆ. ಕಳಿಸಿದರೆ ಅವಳಿಗೇ ಕೆಡುಕಾದೀತೆಂದು ಅದನ್ನು ಇನ್ನೂ ಅಂಚೆಗೆ ಹಾಕಿಲ್ಲ.