ಸುಡುಬಿಸಿಲಿನಲ್ಲಿ ಮಳೆಯ ಮಾತು

ಕುಷ್ಟಗಿಯ ಬಿ.ಎಡ್. ಕಾಲೇಜಿನಲ್ಲಿ ನಮಗೆ, ಅಂದರೆ ನಾಳೆ ಇಂಗ್ಲಿಷ್ ಮಾಸ್ತರರಾಗುವವರಿಗೆ, ಇಂಗ್ಲೆಂಡಿನ ಭೂಗೋಳ, ಸಂಸ್ಕೃತಿ ಕಲಿಸುತ್ತಿದ್ದ ಸರ್ ಪಕ್ಕದೂರು ಹನುಮಸಾಗರ ದಾಟಿ ಹೋದವರಲ್ಲ. ಥೇಮ್ಸ್ ನದಿ ಎಂದು ನೆಲಕ್ಕೆ ತಂಬಿಗೆ ನೀರು ಸುರಿಯುತ್ತಿದ್ದರು. ಪಾಠ ಮುಗಿಯುವ ಮೊದಲೇ ನದಿ ಆರಿಹೋಗುತ್ತಿತ್ತು. "ಅಲ್ಲಿ ಮಂದಿ ಎದುರಾದ್ರ ಊಟ ಆತೇನ್ರಿ ಅಂತ ಕೇಳಂಗಿಲ್ಲ, ಮಳಿ ಮಾತಾಡ್ತಾರ. ತಿಳೀತಿಲ್ರೀ?" ಎನ್ನುತ್ತ ಸುಡುಬಿಸಿಲಿನಲ್ಲಿ ಕೊಡೆ ಬಿಚ್ಚಿ ನಡುಗಿ ತೋರಿಸುತ್ತಿದ್ದರು. ನಾನು ಸರ್ ಅವರ ಇಂಗ್ಲಿಷ್ ದನಿ ಅಣಕಿಸಿದರೆ ಸಿಟ್ಟಾಗದೆ ತಿದ್ದುತ್ತಿದ್ದರು: "ಇನ್ನೊಂದೀಟು ಮೂಗಿನಾಗ ಬರ್ಲಿ, ತಮ್ಮಾ." ಕಡೆಗೆ ನನಗಿಂತ ನನ್ನ ಮೂಗೇ ಹೆಚ್ಚು ಇಂಗ್ಲಿಷ್ ಕಲಿಯಿತು.

ಸರ್ ಅವರದು ಅತಿಥಿ ಉಪನ್ಯಾಸಕರ ಕೆಲಸ. ಯಲಬುರ್ಗಾದ ಪರೀಕ್ಷಕರು ಪಾಠ ಚೆನ್ನಾಗಿದೆ ಎಂದು ಬರೆಯದಿದ್ದರೆ ಅದೂ ಹೋಗುತ್ತಿತ್ತು. ಪರೀಕ್ಷಕರು ಕಾರಿಳಿದದ್ದೇ ತಡ, ಸರ್ ಕೊಡೆ ಹಿಡಿದು ಇಂಗ್ಲಿಷಿನಲ್ಲಿ, "ಇವತ್ತು ಮಳೆ ಬರುವಂತಿದೆ, ಅಲ್ಲವೇ?" ಎಂದರು.

ಪರೀಕ್ಷಕರ ಮುಖ ಬಿಳಿಚಿಕೊಂಡಿತು. "ಹೌದೇನ್ರಿ? ಮಾಳಗಿ ಮ್ಯಾಲ ಮೆಣಸಿನಕಾಯಿ ಒಣಾಕ ಹಾಕಿ ಬಂದೀನಲ್ರಿ!" ಎಂದವರೇ, ನಿಂತಲ್ಲೇ "ಪಾಠ ಉತ್ತಮ, ಎಲ್ಲರೂ ಪಾಸ್" ಎಂದು ಬರೆದು ಸಹಿ ಹಾಕಿ ಕಾರು ಹತ್ತಿದರು.

ಸಂಜೆ ಅವರ ಫೋನು ಬಂತು. "ಎಲ್ಲೈತ್ರಿ ನಿಮ್ಮ ಮಳಿ?"

ಸರ್ ಬೆವರೊರೆಸಿಕೊಂಡರು. "ಲಂಡನ್ನಾಗ್ರಿ, ಸರ."