ರೋಗಕ್ಕೆ ಗುರುತು ಸಿಗದ ಹೆಸರು

ನನ್ನ ಹೆಂಡತಿ ಬುವಾಲೈ, ಥಾಯ್ಲೆಂಡಿನ ಖೋನ್ ಕೇನ್ ಊರಿನ ಬಸ್ ನಿಲ್ದಾಣದ ಹಿಂದೆ ಹಸಿ ಪರಂಗಿಕಾಯಿ ಕೋಸಂಬರಿ ಕುಟ್ಟಿ ಮಾರುತ್ತಿದ್ದಳು. ಖಾರ ಕಡಿಮೆ ಹಾಕು ಎಂದವರಿಗೆ, "ಹಾಲು ಕುಡಿಯೋಕೆ ಎದುರಂಗಡಿಗೆ ಹೋಗಪ್ಪ" ಎನ್ನುವಳು. ಅಷ್ಟು ಬಾಯಿಯಿದ್ದವಳ ಕುತ್ತಿಗೆಯಲ್ಲಿ ಗಂಟುಗಳೆದ್ದವು. ಬಿ-ಕೋಶದ ಲಿಂಫೋಮಾ ಎಂದರು. ಮೈ ಕಾಯಬೇಕಾದ ಬಿಳಿ ರಕ್ತಕಣಗಳಿಗೇ ಕ್ಯಾನ್ಸರ್. ಕೀಮೋಗೆ ಗಂಟೂ ಹೋಯಿತು, ಕೂದಲೂ ಹೋಯಿತು. ಮಳೆಗಾಲ ಮುಗಿಯುವುದರೊಳಗೆ ಗಂಟು ಮಾತ್ರ ವಾಪಸು ಬಂತು.

ನಮ್ಮಲ್ಲಿ ಕಷ್ಟ ಬೆನ್ನುಹತ್ತಿದರೆ ಹೆಸರು ಬದಲಿಸುತ್ತಾರೆ. ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ. ವಿಹಾರದ ಭಿಕ್ಷುಗಳು ಹುಟ್ಟಿದ ವಾರ ಕೇಳಿ 'ಪಚ್ಚರಮೋನ್' ಎಂದಿಟ್ಟರು. ಹಳೆಯ ಹೆಸರು ಯಾರೂ ಎತ್ತಕೂಡದು, ರೋಗಕ್ಕೆ ಗುರುತು ಸಿಕ್ಕೀತು ಎಂದು ನನ್ನ ಅತ್ತೆ ಕಟ್ಟಪ್ಪಣೆ ಮಾಡಿದರು. ಮೊದಲು ತಪ್ಪಿದವರೂ ಅವರೇ.

"ಬುವಾ, ನೀರು ತಾರೇ."

"ಇನ್ನೂ ಜೋರಾಗಿ ಕೂಗವ್ವ, ಅದಕ್ಕೆ ಕೇಳಿಸಿರಲಿಕ್ಕಿಲ್ಲ" ಎಂದು ಇವಳು ನಕ್ಕಳು. ಅತ್ತೆ ತಮ್ಮ ಬಾಯಿಗೆ ತಾವೇ ಹೊಡೆದುಕೊಂಡರು.

ಮರಳಿ ಬಂದ ಗಂಟಿನ ತುಣುಕನ್ನು ಜೀನ್ ಪರೀಕ್ಷೆಗೆ ಕಳಿಸಿದ್ದರು. ಫಲಿತಾಂಶ ಕೇಳಲು ಹೋದ ದಿನ ನರ್ಸ್ "ಪಚ್ಚರಮೋನ್" ಎಂದು ಕೂಗಿ ಕೂಗಿ ಸುಸ್ತಾದರು. ಯಾರಪ್ಪ ಈ ಹೆಂಗಸು, ಎದ್ದು ಹೋಗಬಾರದೇ ಎಂದು ನಾವಿಬ್ಬರೂ ಸುತ್ತ ನೋಡುತ್ತಿದ್ದೆವು.

"ಕೆಟ್ಟ ಕೋಶಕ್ಕೆ ಸಾಯಿ ಅಂತ ಹೇಳೋ ಜೀನ್ ಒಂದಿರುತ್ತೆ" ಎಂದರು ಡಾಕ್ಟರಮ್ಮ. "ಈ ಗಂಟಿನೊಳಗೆ ಅದೇ ಹಾಳಾಗಿದೆ. ಔಷಧಿ ಹೊಡೆಯುತ್ತೆ, ಕೋಶ ಸಾಯಲ್ಲ."

"ನನ್ನ ಮಗಳಿಗೂ ಬರುತ್ತಾ?" ಎಂದು ಇವಳು ಕೇಳಿದಳು.

"ಇಲ್ಲಮ್ಮ. ಇದು ಹುಟ್ಟಿನಿಂದ ಬಂದದ್ದಲ್ಲ, ಗಂಟಿನೊಳಗೇ ಆಗಿರೋದು."

"ಹಾಗಾದ್ರೆ ಸರಿ. ನನಗೆ?"

"ಬೇರೆ ಔಷಧಿನ ನಿಮ್ಮ ಮೈ ಈಗ ತಡಕೊಳ್ಳಲ್ಲ. ನೋವಾಗದ ಹಾಗೆ ನೋಡ್ಕೋತೀವಿ."

ಯಾರೂ ಅಳಲಿಲ್ಲ. ನನಗೆ ಏನೂ ಅನ್ನಿಸಲಿಲ್ಲ. ಗಾಡಿಯನ್ನು ಬಿಸಿಲಲ್ಲಿ ನಿಲ್ಲಿಸಿದ್ದೇನೆ, ಸೀಟು ಕಾದಿರುತ್ತದೆ ಎಂದಷ್ಟೇ ಯೋಚಿಸಿದೆ.

ಮನೆಯಲ್ಲಿ ಅತ್ತೆ ಅಂಟಕ್ಕಿ ಅನ್ನ ಬೇಯಿಸಿಟ್ಟು ಕಾಯುತ್ತಿದ್ದರು. "ಪಚ್ಚರಮೋನ್, ಬಾರೇ, ಆರಿ ಹೋಗುತ್ತೆ" ಎಂದು ಎಲ್ಲೂ ತಡವರಿಸದೆ ಕರೆದು, ಎಷ್ಟು ಸರಿಯಾಗಿ ಕರೆದೆ ನೋಡು ಎಂಬಂತೆ ನನ್ನ ಮುಖ ನೋಡಿದರು.

"ಸಾಕವ್ವ. ಬುವಾ ಅನ್ನು."

ಅತ್ತೆ ಬೇಡವೆಂದು ತಲೆಯಾಡಿಸಿದರು.

"ಅದಕ್ಕೆ ಕೇಳಿಸಿದ್ರೂ ಈಗೇನಿಲ್ಲ. ಒಂದ್ಸಲ ಕರಿಯವ್ವ."

"ನನ್ನ ಬಾಯಿಂದ ಹೇಳಿಸ್ಬೇಡ ಕಣೇ" ಎಂದು ಅತ್ತೆ ಎರಡೂ ಕೈಗಳಿಂದ ಬಾಯಿ ಮುಚ್ಚಿಕೊಂಡರು.

ಇವಳು ನನ್ನ ಕಡೆ ತಿರುಗಿದಳು. "ಬುವಾಲೈ" ಎಂದು ಪೂರ್ತಿ ಹೆಸರು ಹಿಡಿದು ಕರೆದೆ.

"ಹ್ಞಾಂ" ಎಂದು ಊಟಕ್ಕೆ ಕೂತಳು.